ಎರಡನೆಯ ಪಿನ್

ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆ ಹಿಡಿದು ಫಕ್ಕೀರೇಶ ಹೆಣದ ಅಂಗೈ ತಿಕ್ಕುತ್ತಿದ್ದ. ಎರಡು ಸಲ ಸಾಬೂನು ಹಚ್ಚಿ ಬಿಸಿನೀರು ಸುರಿದಾಗಿತ್ತು. ಮೈಮೇಲಿನ ಧೂಳು ಹೋಯಿತು, ಹಣೆಯ ಮಸಿ ಹೋಯಿತು. ಉಳಿವೆಪ್ಪನ ಅಂಗೈಯ ಗೆರೆಗಳೊಳಗೆ ಮೂವತ್ತು ವರ್ಷದಿಂದ ಮನೆ ಮಾಡಿಕೊಂಡಿದ್ದ ಗ್ರೀಸು ಮಾತ್ರ ಜಪ್ಪಯ್ಯ ಅಂದರೂ ಬಿಡಲಿಲ್ಲ.

"ಸಾಕು ಬಿಡೋ, ತೊಗಲು ಕಿತ್ತು ಬರತೈತಿ," ಎಂದ ಚೌಡಪ್ಪ. ಆತ ಸತ್ತವನ ಅಣ್ಣ. ಬೆಳಗಿನಿಂದ ಎಲ್ಲದಕ್ಕೂ ಆತನದೇ ಯಜಮಾನಿಕೆ.

"ಕರೀ ಕೈಲೆ ಮಣ್ಣಿಗೆ ಕಳಸೂದೇನ್ರಿ?"

"ಹುಟ್ಟಿದಾಗ ಬೆಳ್ಳಗಿದ್ದ. ಆಮ್ಯಾಲೆ ಅವನ ಕೈ ಬೆಳ್ಳಗಿದ್ದದ್ದು ಊರಾಗ ಯಾರೂ ನೋಡಿಲ್ಲ. ಹಂಗ ಇರ್ಲಿ. ಹೊತ್ತಾತು."

ಯಾರೋ ನಕ್ಕು, ನಕ್ಕಿದ್ದಕ್ಕೆ ತಾವೇ ನಾಚಿ ಕೆಮ್ಮಿದರು. ಅಂದು ಮಂಗಳವಾರ. ಮೂರಕ್ಕೆ ರಾಹುಕಾಲ ಶುರು. ಅಷ್ಟರೊಳಗೆ ಹೆಣ ತಿಳವಳ್ಳಿಯ ಕೆರೆಯ ಏರಿ ದಾಟಬೇಕು, ಏರಿಯಾಚೆಗಿನ ಹೊಲದಲ್ಲಿ ಕುಣಿ ತೋಡಿ ಆಗಿದೆ ಎಂದು ಚೌಡಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ದುಃಖ ಇರಲಿಲ್ಲ ಅಂತಲ್ಲ. ಕೆಲವರಿಗೆ ದುಃಖ ಬಂದರೆ ಗಡಿಯಾರ ನೋಡುತ್ತಾರೆ, ಅಷ್ಟೆ.

ಹೆಣ ಹೊರಬೇಕಾದ ಗಾಡಿ ಅಂಗಳದಲ್ಲಿ ಬಾಳೆಕಂದು ಕಟ್ಟಿಸಿಕೊಂಡು ನಿಂತಿತ್ತು. ಅದು ಫಕ್ಕೀರೇಶನದೇ ಪಿಕಪ್. ಸವಣೂರಿನಿಂದ ವೀಳ್ಯದೆಲೆ, ಇಲ್ಲಿಂದ ಹಿರೇಕೆರೂರಿಗೆ ಗೋವಿನಜೋಳ ಸಾಗಿಸುವ ಗಾಡಿ. ನಿನ್ನೆ ಉಳಿವೆಪ್ಪ ಸತ್ತದ್ದು ಇದರ ಕೆಳಗೆ ಮಲಗಿ ರಿಪೇರಿ ಮಾಡುತ್ತಿದ್ದಾಗ, ಎದೆ ನೋವಾಗಿ. ಹಾನಗಲ್ಲಿನ ದವಾಖಾನೆಗೆ ಒಯ್ದದ್ದೂ ಇದರಲ್ಲೇ, ಹೊಳ್ಳಿ ತಂದದ್ದೂ ಇದರಲ್ಲೇ.

ಗೋಡೆಗೆ ಒರಗಿಸಿದ್ದ ಹಳೆಯ ಟೈರಿನ ಮೇಲೆ ಇಸ್ಮಾಯಿಲಸಾಬ ಕುಳಿತಿದ್ದ. ಅಂಗಳದ ಅಂಚಿಗೇ ಉಳಿವೆಪ್ಪನ ಗ್ಯಾರೇಜು, ಅದಕ್ಕೆ ಹತ್ತಿಕೊಂಡೇ ಇಸ್ಮಾಯಿಲಸಾಬನ ಪಂಕ್ಚರ್ ಅಂಗಡಿ. ಬಂದವರೆಲ್ಲರಿಗೂ ಆತ ಒಂದೇ ಮಾತು ಹೇಳುತ್ತಿದ್ದ.

"ಕಾಲು ಕಾಣಾಕತ್ತಿದ್ವು. ಕೆಲಸ ನಡದೈತಿ ಅಂತ ನಾ ಸುಮ್ಮನಾದೆ."

ಹೆಂಗಸರ ಗುಂಪಿನಲ್ಲಿ ಬೇರೆ ಮಾತು. ರಾತ್ರಿ ಹೆಣ ತರುವಾಗ ಏರಿಯ ಮೇಲೆ ಗಾಡಿ ತಾನಾಗಿಯೇ ಕೆರೆಯ ಕಡೆ ಎಳೆಯಿತಂತೆ. ಫಕ್ಕೀರೇಶ ಕೆರೆಯವ್ವನ ಕಟ್ಟೆಯ ಮುಂದೆ ನಿಲ್ಲಿಸಿ ಕಾಯಿ ಒಡೆದ ಮೇಲೆಯೇ ಮುಂದೆ ಹೋಯಿತಂತೆ. "ಜೀವಕ್ಕ ಮನೀ ಆಸೆ ಬಿಟ್ಟಿಲ್ಲವಾ, ಪಾಪ," ಎಂದು ಒಬ್ಬಳು ಕಣ್ಣೊರೆಸಿದಳು.

ಉಳಿವೆಪ್ಪನ ಹೆಂಡತಿ ಹೊಳೆವ್ವ ಮಾತ್ರ ಅಳುತ್ತಿರಲಿಲ್ಲ. ಕಂಬಕ್ಕೆ ಒರಗಿ, ಹಸಿರು ಬಳೆಯ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದಳು. ಆ ಬಳೆಗಳು ಇರುವುದು ಕುಣಿಯ ಹತ್ತಿರ ಹೋಗುವ ತನಕ, ಅಲ್ಲಿ ಒಡೆಯುತ್ತಾರೆ. "ಅತ್ತುಬಿಡವಾ, ಹಗುರಾಕ್ಕೈತಿ," ಎಂದು ನಾಲ್ಕಾರು ಜನ ಹೇಳಿ ಸೋತಿದ್ದರು. ಅವಳು ಗಂಡನ ಪಾದಗಳನ್ನೇ ನೋಡುತ್ತಿದ್ದಳು.

*

ಮದುವೆಯಾಗಿ ಬಂದ ಎರಡನೆಯ ತಿಂಗಳಲ್ಲಿ ಹೊಳೆವ್ವ ಮೊದಲ ಸಲ ಗಾಡಿಯ ಡ್ರೈವರ್ ಸೀಟಿನಲ್ಲಿ ಕುಳಿತಿದ್ದಳು. ನಡೆಸಲಿಕ್ಕಲ್ಲ. ಉಳಿವೆಪ್ಪ ಗಾಡಿಯ ಕೆಳಗಿನಿಂದ, "ಆಡಸು," ಎಂದು ಕೂಗಿದರೆ ಸ್ಟೇರಿಂಗನ್ನು ಎಡಕ್ಕೆ ನಾಲ್ಕು ಬೆರಳು, ಬಲಕ್ಕೆ ನಾಲ್ಕು ಬೆರಳು ಆಡಿಸುವುದು, "ಸಾಕು," ಎಂದರೆ ನಿಲ್ಲಿಸುವುದು. ಕೆಲಸ ಇಷ್ಟೇ. ಇಷ್ಟಕ್ಕೇ ಆ ದಿನ ಅವಳ ಸೀರೆ ಬೆವರಿನಿಂದ ತೊಯ್ದು ಹೋಗಿತ್ತು.

ಗಾಡಿ ತಂದವರು ಕತೆ ಹೇಳುತ್ತ ನಿಂತರೆ ಉಳಿವೆಪ್ಪ ಕೇಳುತ್ತಿರಲಿಲ್ಲ. ಮೊದಲು ಮುಂದಿನ ಟೈರು ನೋಡುವನು. ಒಳಬದಿ ಮಾತ್ರ ಸವೆದಿದ್ದರೆ ಮೂಗಿನಲ್ಲೇ ಒಂದು ಹೂಂಕಾರ. ಆಮೇಲೆ ಚಕ್ರಗಳಿಗೆ ಕಲ್ಲು ಕೊಟ್ಟು, ಗೋಣಿತಟ್ಟು ಹಾಸಿ, ಬೆನ್ನ ಮೇಲೆ ಕೆಳಗೆ ಸರಿಯುವನು. ಸ್ಟೇರಿಂಗಿನಿಂದ ಚಕ್ರಕ್ಕೆ ಹೋಗುವ ಸರಳಿನ ಎರಡೂ ತುದಿಗೆ ಗುಂಡಿನಂಥ ಕೀಲು ಇರುತ್ತದೆ. ಹೆಂಡತಿ ಮೇಲೆ ಆಡಿಸುತ್ತಿದ್ದರೆ ಆತ ಕೆಳಗೆ ಒಂದೊಂದೇ ಕೀಲನ್ನು ಅಂಗೈಯಲ್ಲಿ ಹಿಡಿದು ಕಣ್ಣು ಮುಚ್ಚುವನು. ಗಟ್ಟಿ ಇದ್ದ ಕೀಲು ಸುಮ್ಮನಿರುತ್ತದೆ. ಸವೆದದ್ದು ಅಂಗೈಯೊಳಗೆ ಟಕ್ ಎನ್ನುತ್ತದೆ.

"ಕಣ್ಣಿಗೆ ಕಾಣಂಗಿಲ್ಲ, ಕಿವಿಗೆ ಕೇಳಂಗಿಲ್ಲ. ಕೈಗೆ ಗೊತ್ತಾಕ್ಕೈತಿ," ಎನ್ನುತ್ತಿದ್ದ.

ಹತ್ತು ವರ್ಷ ಕಳೆದ ಮೇಲೆ ಒಂದು ದಿನ ಹೊಳೆವ್ವ ಸೀಟಿನ ಮೇಲಿನಿಂದಲೇ, "ಬಲಗಡೀದು ಹೋಗೈತಿ ನೋಡ್ರಿ," ಎಂದಳು. ಕೆಳಗೆ ಆತ ಆ ಕೀಲನ್ನು ಹಿಡಿದು ನೋಡಿದ. ಆಮೇಲೆ, "ಹೌದಲೇ ಇಕಿನ," ಎಂಬ ಬೆರಗಿನ ದನಿ ಬಂತು. ಆ ದಿನ ಸಂಜೆ ಆತ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದಿದ್ದ. ಹೊಗಳಲು ಬಾರದ ಮನುಷ್ಯ.

ಆತನಿಗೆ ಒಂದು ನೇಮ ಇತ್ತು. ಹೊಸ ಕೀಲು ಕೂಡಿಸಿ ನಟ್ಟು ಬಿಗಿದ ಮೇಲೆ, ಆ ನಟ್ಟು ತಿರುಗದ ಹಾಗೆ ಅಡ್ಡಲಾಗಿ ಒಂದು ತಂತಿಯ ಪಿನ್ ತೂರಿಸಿ, ಅದರ ಎರಡೂ ಕಾಲು ಬಿಚ್ಚಿ ಮಡಚಬೇಕು. ಬೆರಳುದ್ದದ ಆ ಪಿನ್ ಇಲ್ಲದಿದ್ದರೆ ರಸ್ತೆಯ ಕುಲುಕಾಟಕ್ಕೆ ನಟ್ಟು ಸುತ್ತು ಸುತ್ತು ಬಿಚ್ಚುತ್ತದೆ, ಕೀಲು ಕಳಚುತ್ತದೆ, ಆಮೇಲೆ ಸ್ಟೇರಿಂಗ್ ಹಿಡಿದವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅದಕ್ಕೇ ಉಳಿವೆಪ್ಪ ಡಬ್ಬಿಯಿಂದ ಎಷ್ಟು ಬೇಕೋ ಅಷ್ಟೇ ಪಿನ್ ಎಣಿಸಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಹೊಳೆವ್ವ ಆಡಿಸಿ, ಆತ ಮುಟ್ಟಿ ನೋಡಿ, ನಟ್ಟು ಪೂರಾ ಬಿಗಿದ ಮೇಲೆಯೇ ಪಿನ್. ಜೇಬು ಬರಿದಾದ ಮೇಲೆಯೇ ಬೀಡಿ. ಅಷ್ಟೂ ಮುಗಿದ ಮೇಲೆ ಹೆಂಡತಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಏರಿಯ ಮೇಲೆ ಹೋಗಿ ಬರುವನು.

"ನನ್ನ ಹೇಣ್ತಿ ಕುಂತು ಬಂದ ಗಾಡಿ ಐತಿ, ತಗೊಂಡು ಹೋಗ್ರಿ," ಎಂದು ಕೀಲಿ ಕೊಡುವನು. ಊರವರು ಅದನ್ನು ಚೇಷ್ಟೆ ಮಾಡುತ್ತಿದ್ದರು. ಆದರೆ ಶಿಗ್ಗಾಂವಿಯ ತನಕದ ಗಾಡಿಗಳು ಇಲ್ಲಿಗೇ ಬರುತ್ತಿದ್ದವು.

*

"ಅವ್ವಾ, ಈ ಅರಿವಿ ಕೊಡು. ಹೆಣದ ಕೂಡ ಹೋಗಬೇಕಂತ," ಎಂದು ಮಗಳು ಮಂಜುಳಾ ಬಗ್ಗಿದಳು. ಹತ್ತಿಮತ್ತೂರಿನ ಗಂಡನ ಮನೆಯಿಂದ ರಾತ್ರಿಯೇ ಬಂದಿದ್ದಳು. ಅತ್ತು ಅತ್ತು ಅವಳ ದನಿ ಬಿದ್ದು ಹೋಗಿತ್ತು.

ಸತ್ತವರು ಕೊನೆಗೆ ತೊಟ್ಟಿದ್ದ ಬಟ್ಟೆಗಳನ್ನು ಗಂಟು ಕಟ್ಟಿ ಕುಣಿಯ ಹತ್ತಿರ ಬಿಟ್ಟು ಬರುವುದು ಪದ್ಧತಿ. ಪಕ್ಕದಲ್ಲಿ ಬಿದ್ದಿದ್ದ ಗಂಡನ ಖಾಕಿ ಅಂಗಿಯನ್ನು ಹೊಳೆವ್ವ ಕೊಡಲಿಲ್ಲ. ಮೂವತ್ತು ವರ್ಷ ಒಗೆಯುವ ಮುಂಚೆ ಮಾಡಿದ ಹಾಗೆಯೇ ಜೇಬಿಗೆ ಕೈ ಹಾಕಿದಳು. ಬೀಡಿಯ ಕಟ್ಟು ಬಂತು. ದಾರವೂ ಬಿಚ್ಚಿರಲಿಲ್ಲ. ಕಡ್ಡಿಪೆಟ್ಟಿಗೆ ಬಂತು. ಜೇಬಿನ ಮೂಲೆಯಲ್ಲಿ ಬೆರಳಿಗೆ ತಣ್ಣಗೆ ಏನೋ ತಾಗಿತು.

ಹೊಸ ಪಿನ್. ಒಂದೇ ಒಂದು. ಎರಡೂ ಕಾಲು ಕೂಡಿಕೊಂಡು ನೆಟ್ಟಗೆ ಇದ್ದವು.

ಹೊರಗೆ ಭಜನೆಯವರ ತಾಳ ಜೋರಾಯಿತು. ಕುರ್ಚಿಯಲ್ಲಿ ಕೂಡಿಸಿ ಕಟ್ಟಿದ್ದ ಉಳಿವೆಪ್ಪನನ್ನು ಆರು ಜನ ಎತ್ತಿ ಪಿಕಪ್ಪಿನ ಮೇಲೆ ಇಟ್ಟರು.

*

ನಿನ್ನೆ ಮುಂಜಾನೆ ಆತ ರೊಟ್ಟಿ ಮುರಿಯುವಾಗ ಎಡಗೈ ನೀವಿಕೊಂಡಿದ್ದ. ಮೂರು ದಿನದಿಂದ ಹೀಗೇ.

"ಇವತ್ತರ ದವಾಖಾನಿಗೆ ನಡೀರಿ," ಎಂದಿದ್ದಳು ಹೊಳೆವ್ವ.

"ದಿನಾ ನಟ್ಟಿಗೆ ಪಾನಾ ತಿರುವಿದ ಕೈ ನೋಯದ ಏನು ಮಾಡ್ತೈತಿ? ಫಕ್ಕೀರನ ಗಾಡಿ ಮುಗಿಸಿ ಹೋಗೂಣು. ಎಡಗಡೆ ಕೀಲು ನಿನ್ನೆ ನೀ ಆಡಿಸಿದಾಗ ಮುಗದೈತಿ, ಬಲಗಡೀದು ಉಳದೈತಿ. ಹಂಗ ಬಿಟ್ರ ರಸ್ತೆ ಮ್ಯಾಲೆ ಗಡಗಡ ನಡಗತೈತಿ."

"ನಿನ್ನೀನೂ ಇದನ್ನ ಅಂದ್ರಿ."

"ನಾಳೆ ಅನ್ನಂಗಿಲ್ಲ ತಗೋ."

ಅವಳಿಗೆ ಸಿಟ್ಟು ನೆತ್ತಿಗೇರಿತು. ಇವನನ್ನು ಬಗ್ಗಿಸಲು ಅವಳ ಕೈಯಲ್ಲಿದ್ದದ್ದು ಒಂದೇ ಒಂದು ಅಸ್ತ್ರ. ಅದನ್ನು ಎಸೆದಳು.

"ಹಂಗಾರ ನಿಮ್ಮ ಗಾಡಿ ನೀವ ಆಡಿಸ್ಕೋರಿ. ದವಾಖಾನಿಗೆ ಹೋಗೂತನ ನಾ ಸೀಟು ಹತ್ತಂಗಿಲ್ಲ."

ಆತ ನಕ್ಕು ಹೋದ. ಹನ್ನೊಂದರ ಹೊತ್ತಿಗೆ ಒಂದು ಸಲ, "ಹೊಳೆವ್ವಾ, ಬಾರಲೇ," ಎಂದು ಕರೆದದ್ದು ಅವಳಿಗೆ ಕೇಳಿಸಿತ್ತು. ಒಳಗೆ ಅಕ್ಕಿ ಆರಿಸುತ್ತಿದ್ದಳು. ಆರಿಸುತ್ತಲೇ ಇದ್ದಳು.

ಒಂದು ಗಂಟೆಗೆ ಬುತ್ತಿ ಒಯ್ದಳು. ಪಿಕಪ್ಪಿನ ಕೆಳಗಿನಿಂದ ಎರಡು ಪಾದಗಳು ಹೊರಗೆ ಚಾಚಿದ್ದವು. ಕೆಳಗೆ ಮಲಗಿದಾಗ ಕರೆದರೆ ಉಳಿವೆಪ್ಪ ಬೈಯುತ್ತಿದ್ದ, ಅದು ಊರಿಗೆಲ್ಲ ಗೊತ್ತು. ಕಾಲು ಕಂಡರೆ ಕೆಲಸ ನಡೆದಿದೆ ಎಂದೇ ಲೆಕ್ಕ. ಕಲ್ಲಿನ ಮೇಲೆ ಬುತ್ತಿ ಇಟ್ಟು, ಆ ಪಾದಗಳನ್ನು ಒಂದು ಸಲ ನೋಡಿ, 'ಇರ್ಲಿ, ತಾನಾಗೇ ಕರೀಲಿ' ಎಂದುಕೊಂಡು ತಿರುಗಿದಳು. ಇಸ್ಮಾಯಿಲಸಾಬ ಆ ಪಾದಗಳನ್ನು ನೋಡಿದ್ದ. ಚಹಾ ಕುಡಿದು ಬಂದ ಫಕ್ಕೀರೇಶನೂ ನೋಡಿ, ಮೊಬೈಲು ತಿಕ್ಕುತ್ತ ಅರ್ಧ ತಾಸು ಅಲ್ಲೇ ಕುಳಿತಿದ್ದ. ಬುತ್ತಿಯ ಮೇಲೆ ಇರುವೆ ಹತ್ತಿದ್ದನ್ನು ಕಂಡ ಮೇಲೆಯೇ ಆತ ಬಗ್ಗಿ ನೋಡಿದ್ದು.

ಆಮೇಲೆ ಎಳೆದದ್ದು, ಕೂಗಿದ್ದು, ಎದೆ ಒತ್ತಿದ್ದು. ಬೇರೆ ಗಾಡಿ ಹುಡುಕುವ ವ್ಯವಧಾನ ಯಾರಿಗಿತ್ತು? ಫಕ್ಕೀರೇಶ ಬಗ್ಗಿದವನು ಎರಡೂ ಕಡೆ ಹೊಸ ಕೀಲು ಹೊಳೆಯುವುದನ್ನು ಕಂಡ. ಕೆಲಸ ಮುಗಿದಿದೆ ಎಂದುಕೊಂಡ. ಚಕ್ರದ ಕಲ್ಲು ಒದ್ದು ಗಾಡಿ ಹೊಡೆದ. ಹೊಳೆವ್ವ ಹಿಂದೆ ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದಳು. ಹಾನಗಲ್ಲಿನ ಡಾಕ್ಟರು ನಾಡಿ ನೋಡಿ, "ಎರಡು ತಾಸಿನ ಮ್ಯಾಲೆ ಆಗೇತ್ರಿ. ಲಗೂನ ತರಬೇಕಿತ್ತು," ಎಂದಿದ್ದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅವಳು ಪಾದ ನೋಡಿ ತಿರುಗಿ ಬಂದದ್ದು ಯಾರಿಗೂ ಗೊತ್ತಿರಲಿಲ್ಲ.

*

ಮುಷ್ಟಿಯಲ್ಲಿ ಪಿನ್ ಹಿಡಿದು ಹೊಳೆವ್ವ ಹೊರಗೆ ಬಂದಾಗ ಎಂಜಿನ್ ಶುರುವಾಗಿತ್ತು. ರುಮಾಲು ಸುತ್ತಿಸಿಕೊಂಡು, ಕೊರಳ ತುಂಬ ಚೆಂಡುಹೂ ಹಾಕಿಸಿಕೊಂಡು ಉಳಿವೆಪ್ಪ ಮೇಲೆ ಕುಳಿತಿದ್ದ. ಸುತ್ತ ಭಜನೆಯವರು, ಬೀಗರು, ಹತ್ತು ಹನ್ನೆರಡು ಜನ.

ಅವಳು ನೇರ ಹೋಗಿ ಗಾಡಿಯ ಮುಂದೆ ನಿಂತಳು.

"ಬಂದ್ ಮಾಡು."

ತಾಳ ನಿಂತಿತು. ಚೌಡಪ್ಪ ಗಡಿಯಾರ ನೋಡಿ ಹತ್ತಿರ ಬಂದ. "ತಂಗಿ, ಎತ್ತಿದ ಹೆಣ ಇಳಸೂದಿಲ್ಲ. ಹತ್ತು ನಿಮಿಷ ಉಳದೈತಿ. ದಾರಿ ಬಿಡವಾ."

"ಇಳಸಬ್ಯಾಡ್ರಿ ಭಾವಾರ. ಅವ್ರು ಅಲ್ಲೇ ಕುಂತಿರ್ಲಿ. ಗಾಡಿ ಹೊಂಡೂದು ಬ್ಯಾಡ. ಬಲಗಡೆ ಕೀಲಿಗೆ ಪಿನ್ ಹಾಕಿಲ್ಲ."

"ಗಂಡನ್ನ ಬಿಟ್ಟಿರಾಕ ಆಗವಲ್ದು. ತಲಿ ಕೆಟ್ಟೈತಿ ಪಾಪ," ಎಂದಳು ಹಿಂದಿನಿಂದ ಒಬ್ಬಳು. ಇಬ್ಬರು ಹೆಂಗಸರು ಬಂದು ಹೊಳೆವ್ವನ ರಟ್ಟೆ ಹಿಡಿದರು.

ಫಕ್ಕೀರೇಶ ಕೆಳಗಿಳಿದ. "ಯವ್ವಾ, ಎರಡೂ ಕಡೆ ಹೊಸಾವ ಕುಂತಾವ. ನಾನ ನೋಡೇನಿ. ಮೆಕ್ಯಾನಿಕ್ಕನ ಜೇಬಿನ್ಯಾಗ ಪಿನ್ ಇರದ ಮತ್ತೇನಿರತೈತಿ?"

"ಅವ್ರ ಜೇಬಿನ್ಯಾಗ ಉಳಿಯಂಗಿಲ್ಲ. ಮೊನ್ನೆ ಎರಡು ತಗೊಂಡಿದ್ರು, ನಾ ಆಡಿಸಿದ ಎಡಕ್ಕ ಒಂದು ಹಾಕ್ಯಾರ. ನೋಡು, ಬೀಡಿ ಕಟ್ಟು ಬಿಚ್ಚಿಲ್ಲ."

"ಹಾನಗಲ್ಲಿಗೆ ಹೋಗಿ ಬಂದೇನ್ರಿ, ಏನೂ ಆಗಿಲ್ಲ."

"ಏನೂ ಆಗಿಲ್ಲಂದ್ರ ಏರಿ ಮ್ಯಾಲೆ ಕಾಯಿ ಯಾಕ ಒಡದಿ?"

ಫಕ್ಕೀರೇಶ ಗಾಡಿಯ ಬಲಚಕ್ರದ ಕಡೆ ತಿರುಗಿದ.

"ಅದು... ಕಾಕಾನ ಜೀವ..." ಎಂದ. ರಾತ್ರಿ ಸ್ಟೇರಿಂಗ್ ಎಡಕ್ಕೆ ತಿರುವಿದರೂ ಗಾಡಿ ಬಲಕ್ಕೆ ಕೆರೆಯ ಕಡೆ ಜಗ್ಗಿದ್ದು, ಹೆಣದ ಗಾಡಿ ಭಾರವಾಗುತ್ತದೆ ಎಂದು ಹಿರಿಯರು ಹೇಳಿದ್ದು ನೆನಪಾಗಿ ಆತ ಕೈ ಮುಗಿದು ಕಾಯಿ ಒಡೆದದ್ದು, ಆಮೇಲೆ ಆ ಕತೆಯನ್ನು ಬಂದವರಿಗೆಲ್ಲ ಹೇಳಿದ್ದು, ಎಲ್ಲ ಒಮ್ಮೆಲೇ ಆತನ ಮುಖದ ಮೇಲೆ ಬಂದವು.

"ರಾಹುಕಾಲ ಶುರುವಾಕ್ಕೈತಿ," ಎಂದ ಚೌಡಪ್ಪ. ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ. "ಏರಿ ದಾಟಿಂದ ನೋಡೂಣವಾ."

ಹೊಳೆವ್ವ ರಟ್ಟೆ ಕೊಡವಿಕೊಂಡಳು.

"ಏರಿ ಮ್ಯಾಲೇನ ಅದು ಕಳಚೂದು. ಕೇಳ್ರಿಲ್ಲೆ. ನಿನ್ನೆ ಅವ್ರು ನನ್ನ ಕರದ್ರು, ನಾ ಹೋಗಲಿಲ್ಲ. ನಾ ಆಡಿಸದ ಅವ್ರು ಪಿನ್ ಹಾಕತಿದ್ದಿಲ್ಲ. ಅದಕ್ಕ ಇದು ಜೇಬಿನ್ಯಾಗ ಉಳದೈತಿ. ನನ್ನ ದಾರಿ ಕಾದು ಮಕ್ಕೊಂಡಿದ್ರು. ಬುತ್ತಿ ತಂದಾಗ ಅವ್ರ ಕಾಲು ನೋಡಿದ್ನಿ, ಸಿಟ್ಟಿಲೆ ತಿರುಗಿ ಬಂದ್ನಿ. ನಿನ್ನೆ ಕಾಲು ನೋಡಿ ತಿರುಗಿದಾಕಿ, ಇವತ್ತು ಈ ಪಿನ್ ನೋಡಿ ತಿರುಗಂಗಿಲ್ಲ. ನೀವೇನು ಮಾಡ್ತೀರಿ ಮಾಡ್ರಿ."

ಇಸ್ಮಾಯಿಲಸಾಬ ಟೈರಿನ ಮೇಲಿಂದ ಎದ್ದು ಬಂದು ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟ.

ಫಕ್ಕೀರೇಶ ನೆಲಕ್ಕೆ ಹೊರಳಿ ಚಕ್ರದ ಹಿಂದೆ ಕೈ ತೂರಿಸಿದ. ಹೊರಗೆ ಬಂದು ಮೊಣಕಾಲೂರಿದ.

"ನಟ್ಟು ಬರೇ ಬೆರಳಿಗೆ ತಿರಗಾಕತ್ತೈತ್ರಿ," ಎಂದ. "ಇನ್ನ ಒಂದ ಸುತ್ತು ಉಳದೈತಿ."

ಗಾಡಿಯ ಮೇಲಿದ್ದವರು ಒಬ್ಬೊಬ್ಬರಾಗಿ ಇಳಿದರು. ಭಜನೆಯವರು ಇಳಿದರು, ಬೀಗರು ಇಳಿದರು. ಹೂಮಾಲೆಯ ಉಳಿವೆಪ್ಪ ಒಬ್ಬನೇ ಮೇಲೆ ಉಳಿದ.

"ನಾ ಹಾಕ್ತೇನಿ ಯವ್ವಾ, ಕೊಡು," ಎಂದು ಫಕ್ಕೀರೇಶ ಕೈ ಚಾಚಿದ.

"ನೀ ಮುಟ್ಟಬ್ಯಾಡ."

ಹೊಳೆವ್ವ ಸೆರಗು ಬಿಗಿದು ಸಿಗಿಸಿಕೊಂಡಳು. ಹಸಿರು ಬಳೆಗಳನ್ನು ಮೊಣಕೈ ತನಕ ಮೇಲೇರಿಸಿದಳು. ಗ್ಯಾರೇಜಿನೊಳಗೆ ಹೋಗಿ ಪಾನಾ, ಇಕ್ಕಳ ತಂದಳು, ಯಾವುದು ಎಲ್ಲಿದೆ ಎಂದು ಹುಡುಕಬೇಕಾಗಲಿಲ್ಲ. ಗಂಡನ ಗೋಣಿತಟ್ಟು ಇನ್ನೂ ಅಲ್ಲೇ ಬಿದ್ದಿತ್ತು. ಅದನ್ನು ಝಾಡಿಸಿ ಹಾಸಿದಳು.

"ಮಂಜುಳಾ, ಸೀಟು ಹತ್ತು. ನಾ ಹೇಳಿದಾಗ ಆಡಸು. ಎಡಕ್ಕ ನಾಕು ಬಟ್ಟು, ಬಲಕ್ಕ ನಾಕು ಬಟ್ಟು. ಹೆದರಬ್ಯಾಡ."

ಬೆನ್ನ ಮೇಲೆ ಮಲಗಿ ಒಳಗೆ ಸರಿದಳು. ಅವಳ ಎದೆ, ಮುಖ, ಕೈ ಎಲ್ಲ ಗಾಡಿಯ ಕೆಳಗೆ ಮರೆಯಾದವು. ಕಾಲುಂಗುರದ ಎರಡು ಪಾದಗಳು ಮಾತ್ರ ಹೊರಗೆ ಉಳಿದವು.

ಅಂಗಳದಲ್ಲಿ ನೂರು ಜನ ಇದ್ದರು. ಎಲ್ಲರೂ ಆ ಪಾದಗಳನ್ನೇ ನೋಡಿದರು. ಕೆಳಗೆ ಪಾನಾ ತಿರುಗುವ ಸದ್ದು ಬಂತು, ನಿಂತಿತು.

"ಅವ್ವಾ?" ಎಂದಳು ಮಂಜುಳಾ ಕಿಟಕಿಯಿಂದ ಬಗ್ಗಿ.

"ಹೂಂ."

ಎರಡು ಉಸಿರಿನಷ್ಟು ಹೊತ್ತು ಹೋಯಿತೋ ಇಲ್ಲವೋ, ಇಸ್ಮಾಯಿಲಸಾಬ ಕೂಗಿದ. "ಹೊಳೆವ್ವಾ, ಅದೀಯೇನವಾ?"

"ಅದೇನಿ ಅಣ್ಣಾ."

ಮತ್ತೆ ಸದ್ದು. ಮತ್ತೆ ಮೌನ. ಗಡಿಯಾರದಲ್ಲಿ ಮೂರು ದಾಟಿತ್ತು. ಚೌಡಪ್ಪ ನೋಡಲಿಲ್ಲ. ಬಡಿಗೆ ಊರಿಕೊಂಡು, ನೋಯುವ ಮೊಣಕಾಲು ಬಗ್ಗಿಸಿ, ನೆಲದ ತನಕ ಮುಖ ತಂದು ತಾನೂ ಕೇಳಿದ.

"ತಂಗಿ?"

"ಅದೇನ್ರಿ ಭಾವಾರ. ಬಿಗದೇನಿ. ಮಂಜುಳಾ, ಆಡಸು."

ಮಂಜುಳಾ ಸ್ಟೇರಿಂಗ್ ಹಿಡಿದು ಆಡಿಸಿದಳು. ಎಡಕ್ಕೆ, ಬಲಕ್ಕೆ. ಚಕ್ರಗಳು ಮಣ್ಣಿನಲ್ಲಿ ಕರಕರ ಎಂದವು. ಗಾಡಿ ಅಲುಗಿದಂತೆಲ್ಲ ಮೇಲೆ ಉಳಿವೆಪ್ಪನ ರುಮಾಲಿನ ಚುಂಗು ಅಲುಗಿತು. ಕೆಳಗೆ ಹೊಳೆವ್ವ ಅಂಗೈಯಲ್ಲಿ ಕೀಲು ಹಿಡಿದು ಕಣ್ಣು ಮುಚ್ಚಿದಳು. ಅದು ಸುಮ್ಮನಿತ್ತು. ಪಿನ್ ತೂರಿಸಿದಳು. ಇಕ್ಕಳದಿಂದ ಅದರ ಒಂದು ಕಾಲು ಮಡಚಿದಳು, ಇನ್ನೊಂದು ಕಾಲು ಮಡಚಿದಳು.

"ಮುಗೀತೇನವಾ?" ಎಂದಳು ಮಂಜುಳಾ.

ಉತ್ತರ ಬರಲಿಲ್ಲ. ಹೊರಗಿನ ಪಾದಗಳು ಮೊದಲು ಸುಮ್ಮನಿದ್ದವು. ಆಮೇಲೆ ನಡುಗತೊಡಗಿದವು. ಕಾಲುಂಗುರಗಳು ಕಲ್ಲಿಗೆ ತಾಗಿ ಕಿಣಿಕಿಣಿ ಎಂದವು. ನಿನ್ನೆಯಿಂದ ಯಾರೂ ಕೇಳದಿದ್ದ ಅವಳ ಅಳು ಗಾಡಿಯ ಕೆಳಗಿನಿಂದ, ಗಂಡನ ಕೆಳಗಿನಿಂದ ಬಂತು.

"ಅವ್ವಾ!"

"ಹೊಳೆವ್ವಾ!"

"ತಂಗಿ, ಅದೀಯೇನು?"

ಅಳುವಿನ ನಡುವೆಯೇ ಹೂಂ ಎಂಬ ದನಿ ಬರುವ ತನಕ ಇಡೀ ಅಂಗಳ ಆ ಎರಡು ಪಾದಗಳ ಕಡೆ ಬಗ್ಗಿ ನಿಂತಿತ್ತು.